ಬೀದರ್ ಹತ್ತಿರ ಹೊಲದ ಊಟ: ಒಂದೂಮುಕ್ಕಾಲು ತಾಸು ಕಾದೆವು, ಮೊಸರು ನೋಡಿದರೆ ಪ್ಯಾಕೆಟ್‌ದು

ಊರು_ಸುತ್ತೋಳು (ಮೈಸೂರು)

ಡಿಸೆಂಬರ್ ರಜೆಗೆ ಬೀದರ್‌ಗೆ ಹೋಗಿ ಬಂದೆವು. ಏಳು ಜನ. ನಾನು, ನಮ್ಮ ಯಜಮಾನರು, ಮಕ್ಕಳಿಬ್ಬರು, ಅತ್ತೆ, ಮಾವ, ಜೊತೆಗೆ ನಮ್ಮಮ್ಮ. ಮಾವ ಔರಾದ್ ತಾಲ್ಲೂಕಿನವರು. ಕೆಲಸ ಸಿಕ್ಕಿ ಮೈಸೂರಿಗೆ ಬಂದು 42 ವರ್ಷ ಆಯಿತು. ಊರಲ್ಲಿ ಈಗ ಮನೆ ಇಲ್ಲ, ಹೊಲ ಇಲ್ಲ. ಸ್ವಂತ ಜಿಲ್ಲೆಗೆ ಹೋಗಿ ಲಾಡ್ಜಿನಲ್ಲಿ ಉಳಿದುಕೊಂಡರು, ಪಾಪ.

ಕೋಟೆ, ಗವಾನ್ ಮದರಸಾ, ಅಷ್ಟೂರು ಗುಂಬಜ್ ಎಲ್ಲ ನೋಡಿದೆವು. ಅದರ ಬಗ್ಗೆ ಇಲ್ಲಿ ಸಾಕಷ್ಟು ಜನ ಬರೆದಿದ್ದಾರೆ, ಬಿಡಿ. ನಾನು ಕೇಳಬೇಕಾಗಿರುವುದು ಒಂದು ರಾತ್ರಿಯ ಊಟದ ಬಗ್ಗೆ.

ಊರ ಹೊರಗೆ ಹೊಲದ ನಡುವೆ ಒಂದು ಸಣ್ಣ ಊಟದ ಜಾಗ. ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೆಳಗ್ಗೆ ಹತ್ತರೊಳಗೆ ಫೋನ್ ಮಾಡಿ ಎಷ್ಟು ಜನ ಅಂತ ಹೇಳಬೇಕು. ಮೆನು ಇಲ್ಲ, ಅವತ್ತು ಮಾಡಿದ್ದೇ ಊಟ. ತಲೆಗೆ 350, ಚಿಕ್ಕ ಮಕ್ಕಳಿಗೆ 150. ಗೇಟಿನ ಹತ್ತಿರ ಬೋರ್ಡು: "ಎಲ್ಲಾ ನಮ್ಮ ಹೊಲದ್ದೇ".

ಏಳೂವರೆಗೆ ಹೋದೆವು. ತಗಡಿನ ಚಪ್ಪರ, ಕೆಳಗೆ ಚಾಪೆ. ಚಳಿ ಅಂದರೆ ಚಳಿ. ನಮ್ಮಮ್ಮ ಶಾಲು ಲಾಡ್ಜಲ್ಲೇ ಬಿಟ್ಟು ಬಂದಿದ್ದಕ್ಕೆ ನನ್ನನ್ನೇ ಬೈದರು. ಕೂತ ತಕ್ಷಣ ಒಂದು ಬೋಗುಣಿ ತುಂಬಾ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಕೊಟ್ಟರು. ಅದು ಬಹಳ ಚೆನ್ನಾಗಿತ್ತು. ಮಗ (ಏಳು ವರ್ಷ) ಸಿಪ್ಪೆಯನ್ನು ಸಾಲಾಗಿ ಜೋಡಿಸಿ ರೈಲು ಮಾಡಿದ. ಆ ರೈಲು ಚಾಪೆಯ ಈ ತುದಿಯಿಂದ ಆ ತುದಿಗೆ ಹೋದರೂ ಊಟ ಬರಲಿಲ್ಲ! ನಮಗಿಂತ ಮೊದಲು ಹೈದರಾಬಾದ್ ಕಡೆಯ ಹನ್ನೆರಡು ಜನರ ಗುಂಪೊಂದು ಕೂತಿತ್ತು. ರೊಟ್ಟಿ ಎಲ್ಲ ಅವರ ಕಡೆಗೇ ಹೋಗುತ್ತಿತ್ತು. ಒಳಗಿನಿಂದ ಪಟಪಟ ಬಡಿಯುವ ಸದ್ದು ಮಾತ್ರ ನಮಗೆ. ಮೊದಲ ರೊಟ್ಟಿ ನಮ್ಮ ತಟ್ಟೆಗೆ ಬಿದ್ದಾಗ ಒಂಬತ್ತೂಕಾಲು.

ಬಿಸಿ ಜೋಳದ ರೊಟ್ಟಿ, ಪುಂಡಿ (ಒಂದು ಹುಳಿ ಸೊಪ್ಪು) ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಮೊಸರು. ಕೊನೆಗೆ ಮಾಲದಿ ಅನ್ನುವ ಬೆಲ್ಲದ ಸಿಹಿ. ಅನ್ನ ಕೇಳಿದ ಮೇಲೆ ಬಂತು. ರುಚಿ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳಿಗೆ ಖಾರ ಜಾಸ್ತಿ ಆಯಿತು, ಮಗಳು ಮೊಸರನ್ನ ತಿಂದು ಎದ್ದಳು.

ಕೈ ತೊಳೆಯಲು ಹಿಂದೆ ಹೋದಾಗ ನೋಡಿದೆ: ಬುಟ್ಟಿಯಲ್ಲಿ ಮೊಸರಿನ ಖಾಲಿ ಪ್ಯಾಕೆಟ್‌ಗಳು. ಪಕ್ಕದಲ್ಲಿ ಮಾರ್ಕೆಟ್‌ನಿಂದ ಬಂದ ಟೊಮೆಟೊ ಕ್ರೇಟ್. ಸ್ವಲ್ಪ ಪಿಚ್ಚೆನಿಸಿತು. ಬಿಲ್ಲು 2,250 (ಚಿಕ್ಕವರ ರೇಟು ಮಗನಿಗೆ ಮಾತ್ರ). ಅಲ್ಲಿ ನೆಟ್‌ವರ್ಕ್ ಇಲ್ಲ, ಫೋನಿನಲ್ಲಿ ದುಡ್ಡು ಹೋಗಲಿಲ್ಲ. ಮಾವ ಪಂಚೆ ಸೊಂಟದಿಂದ ಹಳೇ ನೋಟು ಬಿಚ್ಚಿ ಕೊಟ್ಟರು.

ಈಗ ಮನೆಯಲ್ಲಿ ಎರಡು ಪಾರ್ಟಿ. ನಮ್ಮ ಯಜಮಾನರು "ಚೆನ್ನಾಗಿ ಟೋಪಿ ಹಾಕಿದರು" ಅಂತಾರೆ. ಮಾವ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. ಆ ಕಡೆಯವರು ಹೇಳಿ, ಇದು ದುಡ್ಡಿಗೆ ತಕ್ಕ ಊಟವೇ?

ಪುಂಡಿಪಲ್ಯ (ಊರು ಕಲಬುರಗಿ, ಇರೋದು ಬೆಂಗಳೂರು)

ಮೊದಲು ಒಂದು ಮಾತು. ಮಗಳಿಗೆ ಖಾರ ಆಯಿತು ಅಂದಿರಿ. ನಮ್ಮ ಕಡೆ ಅದಕ್ಕೆ ಶೇಂಗಾ ಹಿಂಡಿಗೆ ಮೊಸರು ಕಲಸಿ ಕೊಡುತ್ತಾರೆ, ಇಲ್ಲವೇ ರೊಟ್ಟಿ ಮುರಿದು ಹಾಲು ಬೆಲ್ಲ ಹಾಕಿ ಕೊಡುತ್ತಾರೆ. ಕೇಳಿದ್ದರೆ ಖಂಡಿತ ಕೊಡುತ್ತಿದ್ದರು.

350 ಜಾಸ್ತಿ ಅಲ್ಲ. ಬೆಂಗಳೂರಲ್ಲಿ ನಾನು ಇದಕ್ಕಿಂತ ಜಾಸ್ತಿ ಕೊಟ್ಟು, ಬೆಳಗ್ಗೆ ಬಡಿದು ಇಟ್ಟ ತಣ್ಣನೆ ರೊಟ್ಟಿ ತಿಂದಿದ್ದೇನೆ. ಅದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದರು. ಚಪ್ಪಲಿ ಆಗಿತ್ತು.

ಖಾನಾವಳಿ_ಗಿರಾಕಿ (ಕಲಬುರಗಿ)

ನಾನು ನಿಮ್ಮ ಯಜಮಾನರ ಪಾರ್ಟಿ. ಕಲಬುರಗಿಯಲ್ಲಿ, ಬೀದರ್‌ನಲ್ಲಿ ಗಲ್ಲಿಗೊಂದು ಖಾನಾವಳಿ ಇದೆ. ಅದೇ ಬಿಸಿ ರೊಟ್ಟಿ, ಅದೇ ಪುಂಡಿ ಪಲ್ಯ, ಎರಡು ತರದ ಪಲ್ಯ, ಬೇಳೆ, ಹಿಂಡಿ, ಮಜ್ಜಿಗೆ. ಹತ್ತು ನಿಮಿಷದಲ್ಲಿ ತಟ್ಟೆ ಮುಂದೆ ಇರುತ್ತದೆ, ರೇಟು ಇದರ ಅರ್ಧವೂ ಇಲ್ಲ. ನಾನು ಕಾಲೇಜು ಮುಗಿಸಿದ್ದೇ ಖಾನಾವಳಿಯ ತಿಂಗಳ ಲೆಕ್ಕದ ಊಟದ ಮೇಲೆ. ಚಾಪೆ, ಚಳಿ, ಚಪ್ಪರ ಇದಕ್ಕೆಲ್ಲ ಸೇರಿಸಿ ದುಡ್ಡು ಇಸ್ಕೊಳ್ಳೋದು ಈಗಿನ ಫ್ಯಾಷನ್.

ಕರಿಮಣ್ಣು (ಆಳಂದ ತಾಲ್ಲೂಕು)

ನಾನು ರೈತ. ಊಟ ಹೇಗಿತ್ತು ಅಂತ ನೀವು ಹೇಳಿದ್ದೀರಿ. "ಎಲ್ಲಾ ನಮ್ಮ ಹೊಲದ್ದೇ" ಅಂದರೆ ಏನು ಅಂತ ನಾನು ಹೇಳುತ್ತೇನೆ.

ತೊಗರಿಕಾಯಿ ಅವರದ್ದೇ ಇರಬೇಕು. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್‌ನಲ್ಲಿ ಕೆಲವು ಕಡೆ ಇನ್ನೂ ಹಸಿ ಇರುತ್ತದೆ, ಕೆಲವು ಕಡೆ ರಾಶಿಗೆ ಬಂದಿರುತ್ತದೆ. ಪುಂಡಿ, ಮೆಂತ್ಯ, ಬದನೆ ಕೂಡ ಅವರದ್ದೇ. ಪುಂಡಿಯನ್ನು ನಾವು ಬದುವಿನ ಗುಂಟ ಒಂದು ಸಾಲು ಹಾಕಿ ಬಿಟ್ಟರೆ ಸಾಕು, ಅದರ ಪಾಡಿಗೆ ಅದು ಬರುತ್ತದೆ.

ಜೋಳ? ಡಿಸೆಂಬರ್‌ನಲ್ಲಿ ನೀವು ತಿಂದ ರೊಟ್ಟಿ ಹೋದ ವರ್ಷದ ಬೆಳೆಯದ್ದು. ಹಿಂಗಾರಿ ಬಿಳಿಜೋಳ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತೇವೆ. ಅದು ಬರುವುದು ಫೆಬ್ರವರಿ, ಮಾರ್ಚ್‌ಗೆ. ನೀವು ಹೋದಾಗ ಹೊಲದಲ್ಲಿ ಹಸಿರಾಗಿ ನಿಂತಿದ್ದೇ ಮುಂದಿನ ವರ್ಷದ ರೊಟ್ಟಿ.

ಅಕ್ಕಿ ಅವರದ್ದು ಆಗಲು ಸಾಧ್ಯವೇ ಇಲ್ಲ. ಭತ್ತ ಬೇಕಿದ್ದರೆ ಯಾದಗಿರಿ ಜಿಲ್ಲೆಗೆ ಹೋಗಿ. ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆ ನೀರಿದೆ. ಎಣ್ಣೆಯೂ ಅಂಗಡಿಯದ್ದು. ನಮ್ಮ ಅಜ್ಜನ ಕಾಲದಲ್ಲಿ ಜೋಳದ ಜೊತೆ ಕುಸುಬಿ ಸಾಲು ಇರುತ್ತಿತ್ತು, ಗಾಣಕ್ಕೆ ಹಾಕಿದರೆ ವರ್ಷದ ಎಣ್ಣೆ. ಕುಸುಬಿಗೆ ಮುಳ್ಳು. ಬೆಳಗಿನ ತಂಪಿನಲ್ಲಿ ಮುಳ್ಳು ಮೆತ್ತಗಿದ್ದಾಗಲೇ ಕೊಯ್ಯಬೇಕು, ಬಿಸಿಲೇರಿದರೆ ಕೈ ಹಚ್ಚಲು ಆಗುವುದಿಲ್ಲ. ಆ ಕೆಲಸಕ್ಕೆ ಈಗ ಯಾರು ಬರುತ್ತಾರೆ?

ಇನ್ನೊಂದು ವಿಷಯ. ಬೀದರ್ ಕಡೆ ಮುಂಗಾರಿಗೆ ಈಗ ಎಲ್ಲಿ ನೋಡಿದರೂ ಸೋಯಾ. ಮೈಲಿಗಟ್ಟಲೆ ಸೋಯಾ ಬೆಳೆಯುತ್ತೇವೆ, ಒಂದು ಕಾಳೂ ನಮ್ಮ ತಟ್ಟೆಗೆ ಬರುವುದಿಲ್ಲ. ಮಾರಿ ಬಂದ ದುಡ್ಡಲ್ಲಿ ಅದೇ ಸೋಯಾ ಎಣ್ಣೆ ಪ್ಯಾಕೆಟ್ ತರುತ್ತೇವೆ. ಜೋಳ ಹಾಕಿದರೆ ಹಕ್ಕಿ ಕಾಯಬೇಕು, ಕೊಯ್ಯಲು ಆಳು ಸಿಗುವುದಿಲ್ಲ. ನಾನೇ ಮನೆಗೆ ಬೇಕಾದಷ್ಟು, ಎತ್ತಿಗೆ ಕಣಿಕೆ (ಜೋಳದ ದಂಟಿನ ಮೇವು) ಆಗುವಷ್ಟು ಮಾತ್ರ ಹಾಕುತ್ತೇನೆ. ಉಳಿದದ್ದೆಲ್ಲ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಬಂತು, ಖುಷಿಯೇ. 2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿದಾಗ ಆ ಟ್ಯಾಗ್ ಕೈ ಹಿಡಿಯಲಿಲ್ಲ.

ಹಾಗಾಗಿ ಅಷ್ಟು ಸಣ್ಣ ಹೊಲದಲ್ಲಿ ಅರ್ಧ ತಟ್ಟೆ ತುಂಬಿದರೂ ದೊಡ್ಡದು.

ಲೆಕ್ಕದ_ಬುಕ್ಕು (ಹುಬ್ಬಳ್ಳಿ)

ಎಲ್ಲ ಸರಿ, ಆದರೆ ಬೋರ್ಡಿನಲ್ಲಿ "ಅರ್ಧ ನಮ್ಮ ಹೊಲದ್ದು" ಅಂತ ಬರೆದಿಲ್ಲವಲ್ಲ? ರೈತರು ಅಂತ ಕರಗಬೇಡಿ. ಪೇಟೆಯ ಹೋಟೆಲ್‌ನವರು "ಶುದ್ಧ ತುಪ್ಪ" ಅಂತ ಬರೆದು ಡಾಲ್ಡಾ ಹಾಕಿದರೆ ಬಿಡುತ್ತೀರಾ? ದುಡ್ಡು ಕೊಟ್ಟವರು ಆ ಮಾತಿಗೇ ಕೊಟ್ಟಿದ್ದು.

ಏಳು ಜನ ಬರುತ್ತಾರೆ ಅಂತ ಬೆಳಗ್ಗೆಯೇ ಗೊತ್ತಿತ್ತು. ಹನ್ನೆರಡು ಜನ ಬರುವುದೂ ಗೊತ್ತಿತ್ತು. ಹತ್ತೊಂಬತ್ತು ಜನಕ್ಕೆ ಆಗಲ್ಲ ಅಂದರೆ ಒಬ್ಬರಿಗೆ ನಾಳೆ ಬನ್ನಿ ಅನ್ನಬೇಕಿತ್ತು.

ಹೆಂಚು_ಒಲೆ (ಕಲಬುರಗಿ)

ಒಳಗಿನಿಂದ ಪಟಪಟ ಸದ್ದು ಬರುತ್ತಿತ್ತು ಅಂದಿರಲ್ಲ ಅಕ್ಕಾ, ಆ ಸದ್ದು ಮಾಡುವವಳು ನಾನು. ಅಂದರೆ ಅಲ್ಲಿ ಅಲ್ಲ, ನಮ್ಮ ಮನೆಯಲ್ಲಿ. ಹನ್ನೊಂದು ವರ್ಷದಿಂದ ರೊಟ್ಟಿ ಬಡಿದು ಮಾರುತ್ತೇನೆ. ಈಗ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಂಘಗಳು "ಕಲಬುರಗಿ ರೊಟ್ಟಿ" ಅಂತ ಹೆಸರು ಹಾಕಿ ಡಬ್ಬಿಯಲ್ಲಿ ಮಾರುತ್ತಿವೆ. ಅದು ಹೆಚ್ಚಾಗಿ ಖಟಕ್ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ರೊಟ್ಟಿ. ಬಿಸಿ ರೊಟ್ಟಿಯ ಕಥೆಯೇ ಬೇರೆ.

ಲೆಕ್ಕ ಮಾಡೋಣ. ನನಗೆ ಒಂದು ಹೆಂಚಿನ ಮೇಲೆ ತಾಸಿಗೆ 25 ರೊಟ್ಟಿ ಆಗುತ್ತದೆ. ಕೈ ಸೋತ ಮೇಲೆ 20. ಹತ್ತೊಂಬತ್ತು ಜನಕ್ಕೆ ತಲೆಗೆ ಎರಡೂವರೆ ಹಿಡಿದರೂ ಹತ್ತಿರ ಹತ್ತಿರ 50 ರೊಟ್ಟಿ. ಒಬ್ಬಳು ಒಂದು ಹೆಂಚಿನ ಮೇಲೆ ಎರಡು ತಾಸು. ನೀವು ಒಂದೂಮುಕ್ಕಾಲು ತಾಸು ಕಾದಿರಿ. ನನಗೆ ಆಶ್ಚರ್ಯ ಏನೂ ಆಗಲಿಲ್ಲ.

ಮೊದಲೇ ಬಡಿದು ಇಡಬಹುದಿತ್ತಲ್ಲ ಅನ್ನಬಹುದು. ಇಟ್ಟರೆ ಮೆತ್ತಗಿನ ರೊಟ್ಟಿ ಅರ್ಧ ತಾಸಿಗೆ ಬಿರುಸು ಆಗುತ್ತದೆ. ಆಗ ನೀವೇ ಇಲ್ಲಿ "ತಣ್ಣನೆ ರೊಟ್ಟಿ ಕೊಟ್ಟರು" ಅಂತ ಬರೆಯುತ್ತಿದ್ದಿರಿ, ಅಲ್ವಾ? ಅವರು ತಪ್ಪಿದ್ದು ಒಂದೇ ಕಡೆ. ಹನ್ನೆರಡು ಜನಕ್ಕೆ ಒಂದು ಸುತ್ತು ಕೊಟ್ಟ ಮೇಲೆ ನಿಮ್ಮ ಮಕ್ಕಳಿಗೆ ಎರಡು ರೊಟ್ಟಿ ಕಳಿಸಬೇಕಿತ್ತು. ಪಂಕ್ತಿಯಲ್ಲಿ ಮೊದಲು ಮಕ್ಕಳು, ಆಮೇಲೆ ಉಳಿದವರು.

ಹಳೇ_ಮಾಸ್ತರು (ಕಲಬುರಗಿ)

ನಾನು ಹುಟ್ಟಿದ ಮನೆಯಲ್ಲಿ ಊಟಕ್ಕೆ ಬಂದವರಿಂದ ದುಡ್ಡು ತೆಗೆದುಕೊಳ್ಳುವುದು ನಾಚಿಕೆಯ ಮಾತಾಗಿತ್ತು. ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಹೊಲಕ್ಕೆ ಬಂದವರಿಗೆ ಬುತ್ತಿ ಬಿಚ್ಚಿ ಕೊಡುತ್ತಿದ್ದೆವು. ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ದಾರಿಯಲ್ಲಿ ಹೋಗುವವರನ್ನು ಕರೆದು ಕೂಡಿಸಿ ಭಜ್ಜಿ ರೊಟ್ಟಿ ಉಣಿಸುತ್ತಿದ್ದೆವು. ಈಗ ಅದೇ ಹೊಲ, ಅದೇ ಚಾಪೆ, ತಲೆಗೆ 350. ತಪ್ಪು ಅನ್ನುತ್ತಿಲ್ಲ. ಹೊಲದವರು ಬದುಕಬೇಕು. ಆದರೂ ಓದಿದಾಗ ಮನಸ್ಸಿಗೆ ಏನೋ ಒಂದು ತರ ಆಯಿತು.

ಪುಂಡಿಪಲ್ಯ

ಮಾಸ್ತರರೇ, ಭಜ್ಜಿ ನೆನಪು ಮಾಡಿ ಕೆಟ್ಟ ಕೆಲಸ ಮಾಡಿದಿರಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಸಿಕ್ಕ ಸೊಪ್ಪೆಲ್ಲ ಹಾಕಿ, ಹುಣಸೆ ಹುಳಿ, ಕಡಲೆ ಹಿಟ್ಟು... ಈ ಬೆಂಗಳೂರಲ್ಲಿ ಯಾರಿಗೆ ಹೇಳಿದರೂ "ಮೆಣಸಿನಕಾಯಿ ಬಜ್ಜಿನಾ?" ಅಂತ ಕೇಳುತ್ತಾರೆ.

ಎರಡೆಕರೆ (ಬಸವಕಲ್ಯಾಣ ತಾಲ್ಲೂಕು)

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನೂ ನನ್ನ ಹೆಂಡತಿಯೂ ಹೀಗೇ ಒಂದು ಸಣ್ಣ ಜಾಗ ನಡೆಸುತ್ತೇವೆ. ನೀವು ಹೋದದ್ದು ನಮ್ಮಲ್ಲಿಗೆ ಅಲ್ಲ. ಆದರೆ ಆ ಮೊಸರಿನ ಪ್ಯಾಕೆಟ್ ನಮ್ಮ ಬುಟ್ಟಿಯಲ್ಲೂ ಸಿಗುತ್ತದೆ.

ನಮ್ಮಲ್ಲಿ ಎರಡು ಎಮ್ಮೆ. ಒಂದು ಗಬ್ಬ ಇದೆ, ಹಾಲು ಬತ್ತಿದೆ. ಇನ್ನೊಂದರ ಹಾಲು ಹೊತ್ತಿಗೆ ಮೂರು ಲೀಟರ್. ನಾಲ್ಕು ಜನ ಬಂದ ದಿನ ಮನೆಯ ಮೊಸರೇ ಮಿಗುತ್ತದೆ. ಇಪ್ಪತ್ತು ಜನ ಬಂದ ದಿನ ಪ್ಯಾಕೆಟ್ ತರದೆ ಗತಿ ಇಲ್ಲ. ಟೊಮೆಟೊ ಗಿಡಕ್ಕೆ ರೋಗ ಬಂತು, ಆ ವಾರ ಮಾರ್ಕೆಟ್‌ನಿಂದ ತಂದೆವು. ಹಾಗಂತ ಬಂದವರ ಮುಂದೆ ಹೇಳಿದೆವಾ? ಇಲ್ಲ. ಯಾರೂ ಕೇಳಲಿಲ್ಲ, ನಾವೂ ಸುಮ್ನೆ ಇದ್ದೆವು.

ಇನ್ನೊಂದು ಕಷ್ಟ ಇದೆ. ಬೆಳಗ್ಗೆ ಫೋನ್ ಮಾಡಿ ಹದಿನೈದು ಜನ ಅನ್ನುತ್ತಾರೆ. ಸೊಪ್ಪು ಕೊಯ್ದು, ಬೇಳೆ ಬೇಯಿಸಿ, ಹಿಟ್ಟು ಬೀಸಿಸಿಕೊಂಡು ಬಂದಿರುತ್ತೇವೆ. ಸಂಜೆ ಆರಕ್ಕೆ "ಹುಮನಾಬಾದ್‌ನಲ್ಲೇ ಊಟ ಆಯಿತು" ಅಂತ ಮೆಸೇಜ್. ಅವತ್ತು ಪಲ್ಯ ಎಮ್ಮೆಗೆ. ಅದಕ್ಕೇ ಎರಡು ಗುಂಪಿನವರಿಗೂ ಹೂಂ ಅನ್ನುತ್ತೇವೆ, ಒಬ್ಬರಾದರೂ ಬರಲಿ ಅಂತ. ಇಬ್ಬರೂ ಬಂದುಬಿಟ್ಟರೆ ನಿಮಗಾದ ಹಾಗೆ ಆಗುತ್ತದೆ.

ಲೆಕ್ಕದ_ಬುಕ್ಕು ಅವರ ಮಾತು ಮೊದಲು ಕೋಪ ಬರಿಸಿತು. ಆಮೇಲೆ ಹೆಂಡತಿಗೆ ಓದಿ ಹೇಳಿದೆ. ಅವಳು "ಖರೇ ಅದರೀ, ಬೋರ್ಡ್ ತೆಗೀರಿ" ಅಂದಳು. ನಿನ್ನೆ ತೆಗೆದು ಒಂದು ಕರಿಹಲಗೆ ತೂಗು ಹಾಕಿದ್ದೇವೆ. ಎಡಗಡೆ ಇವತ್ತು ನಮ್ಮ ಹೊಲದಿಂದ ಬಂದದ್ದು, ಬಲಗಡೆ ಅಂಗಡಿಯಿಂದ ತಂದದ್ದು. ಇವತ್ತು ಬಲಗಡೆ: ಅಕ್ಕಿ, ಎಣ್ಣೆ, ಉಪ್ಪು, ಚಹಾಪುಡಿ, ಮೊಸರು. ಬಂದವರಲ್ಲಿ ಒಬ್ಬರು ಅದರ ಫೋಟೊ ತೆಗೆದುಕೊಂಡರು, ಉಳಿದವರು ಓದಲೂ ಇಲ್ಲ.

ಖಾನಾವಳಿ_ಗಿರಾಕಿ

ಈ ಕರಿಹಲಗೆ ಇರುವಲ್ಲಿಗೆ ಒಮ್ಮೆ ಬರುತ್ತೇನೆ ಮಾರಾಯರೇ. ಬೆಳಗ್ಗೆ ಫೋನ್ ಮಾಡುತ್ತೇನೆ, ಬಂದೇ ಬರುತ್ತೇನೆ. ಮೊಸರು ಬೇಡ.

ಲಾಂಗ್‌ಡ್ರೈವ್ (ದಾವಣಗೆರೆ)

ವಿಷಯ ಬಿಟ್ಟು ಕೇಳುತ್ತಿದ್ದೇನೆ. ಜನವರಿಯಲ್ಲಿ ಕಲಬುರಗಿಯಿಂದ ಬೀದರ್‌ಗೆ ಕಾರಿನಲ್ಲಿ ಹೋಗುವವರಿದ್ದೇವೆ. ದಾರಿಯಲ್ಲಿ ತಿನ್ನಲು ಏನು ಸಿಗುತ್ತದೆ?

ಕರಿಮಣ್ಣು

ಕಮಲಾಪುರದಲ್ಲಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತಗೊಳ್ಳಿ. ಸಿಪ್ಪೆ ಕೆಂಪು ನೋಡಿ ಹಣ್ಣಾಗಿದೆ ಅಂದುಕೊಳ್ಳಬೇಡಿ, ಒತ್ತಿ ನೋಡಿ. ಜನವರಿ ಅಂದರೆ ಸೀತನಿಯ (ಸುಟ್ಟ ಹಸಿ ಜೋಳದ) ಕಾಲ. ಗುರುತಿನ ರೈತರಿದ್ದರೆ ಹೊಲಕ್ಕೇ ಹೋಗಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಕಾಳು ಬಿಡಿಸಿ ಬಿಸಿಬಿಸಿ ಕೊಡುತ್ತಾರೆ. ಜೊತೆಗೆ ಹಿಂಡಿ, ಬೆಲ್ಲ. ಇದನ್ನು ಯಾವ ಹೋಟೆಲ್‌ನವರೂ ಪೇಟೆಗೆ ತಂದು ಕೊಡಲು ಆಗುವುದಿಲ್ಲ. ಆರಿದರೆ ಮುಗಿಯಿತು.

ಊರು_ಸುತ್ತೋಳು

ಎಲ್ಲರ ಮಾತೂ ಓದಿದೆ. ಹೆಂಚು_ಒಲೆ ಅವರ ಲೆಕ್ಕವನ್ನು ನಮ್ಮ ಯಜಮಾನರಿಗೆ ತೋರಿಸಿದೆ. ಕಾದದ್ದರ ಬಗ್ಗೆ ಈಗ ಅವರು ಮಾತಾಡುತ್ತಿಲ್ಲ. ಮೊಸರಿನ ವಿಷಯ ಮಾತ್ರ ಬಿಡುತ್ತಿಲ್ಲ, ನಾನೂ ಬಿಡಿಸಲು ಹೋಗಿಲ್ಲ.

ಮಾವ ಯಾಕೆ ಒಪ್ಪುತ್ತಿಲ್ಲ ಅಂತ ಮೊದಲ ಸಲ ಬರೆಯಲಿಲ್ಲ. ಕೋಪದಲ್ಲಿದ್ದೆ. ಮೊದಲ ರೊಟ್ಟಿ ಬಂದಾಗ ನಾವೆಲ್ಲ ಪಲ್ಯದ ಮೇಲೆ ಬಿದ್ದೆವು. ಅವರು ಒಂದು ಚೂರು ಮುರಿದು, ಪಲ್ಯ ಹಚ್ಚದೆ, ಹಾಗೇ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಆ ಹೆಣ್ಣುಮಗಳು ಎರಡನೇ ರೊಟ್ಟಿ ತಂದಾಗ "ಇದು ಮಾಲದಂಡಿ ಜ್ವಾಳ ಏನವಾ?" ಅಂತ ಕೇಳಿದರು. ಮೈಸೂರಿನಲ್ಲಿ ಅವರು ಆ ಮಾತಿನ ಧಾಟಿಯಲ್ಲಿ ಮಾತಾಡಿದ್ದನ್ನು ನಾನು ಹದಿನಾರು ವರ್ಷದಲ್ಲಿ ಕೇಳಿಲ್ಲ. ಆಕೆ ರೊಟ್ಟಿ ಕೈಯಲ್ಲೇ ಹಿಡಿದು ನಿಂತು, "ಹೌದ್ರಿ ಕಾಕಾ, ನಿಮಗ ಹ್ಯಾಂಗ ಗೊತ್ತಾಯ್ತ್ರಿ?" ಅಂದರು. ಅವತ್ತು ಬೆಳಗ್ಗೆಯಷ್ಟೇ ಒಂದು ಬಿದರಿ ಕೆಲಸದ (ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಕೆಲಸ) ಅಂಗಡಿಯಲ್ಲಿ, ಕಪ್ಪು ಬಣ್ಣ ಬರಿಸುವ ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುತ್ತಾರೆ ಅಂತ ಕೇಳಿದ್ದೆವು. ಮಗ ತಕ್ಷಣ, "ಅಜ್ಜಾನೂ ನೆಕ್ಕಿ ಕಂಡುಹಿಡಿದರು" ಅಂತ ಕೂಗಿದ.

ಅಲ್ಲಿಂದ ಮುಂದೆ ಅವರಿಬ್ಬರ ಮಾತು ನಿಲ್ಲಲಿಲ್ಲ. ಹನ್ನೆರಡು ಜನರ ಗುಂಪಿನವರು ರೊಟ್ಟಿ ರೊಟ್ಟಿ ಅಂತ ಕರೆಯುತ್ತಲೇ ಇದ್ದರು. ನಮ್ಮ ಮಾವನಿಗೆ ನಾಲ್ಕನೆಯದೂ ಬಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಎರಡು ಚಪಾತಿ ಮೇಲೆ ಮುಟ್ಟುವುದಿಲ್ಲ. ಅತ್ತೆ ಕಣ್ಣು ಬಿಟ್ಟರೂ ಅವರ ಕಡೆ ತಿರುಗಲೇ ಇಲ್ಲ.

ಬರುವಾಗ ಐದು ಕಿಲೋ ಜೋಳ ತೂಗಿಸಿಕೊಂಡು ಬಂದರು. ಇಲ್ಲಿ ಗಿರಣಿಯವನು ರಾಗಿ ಬೀಸುವ ಕಲ್ಲಿಗೆ ಜೋಳ ಹಾಕುವುದಿಲ್ಲ ಅಂದ. ಎರಡನೇ ಗಿರಣಿಯಲ್ಲಿ ಬೀಸಿಕೊಟ್ಟರು. ನಿನ್ನೆ ನಾನು ರೊಟ್ಟಿ ಮಾಡಿದೆ. ಬಡಿಯಲು ಹೋದರೆ ಭಾರತದ ನಕ್ಷೆ, ಎತ್ತಲು ಹೋದರೆ ಮೂರು ರಾಜ್ಯ ಬೇರೆ ಬೇರೆ. ಮಾವ ಮಾತಾಡದೆ ತಿಂದರು. ಹೆಂಚು_ಒಲೆ ಅವರೇ, ಎಲ್ಲಿ ತಪ್ಪಿದೆ?

ಹೆಂಚು_ಒಲೆ

ತಣ್ಣೀರು ಹಾಕಿ ಕಲಸಿದಿರಿ ಅಲ್ವಾ? ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ. ಎಸರು ಕುದಿಯಬೇಕು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಗುಂಡಿ ಮಾಡಿ ಹಾಕಿ, ಮೊದಲು ಚಮಚದಲ್ಲಿ ಕಲಸಿ. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಒಂದು ರೊಟ್ಟಿಯ ಹಿಟ್ಟು ಒಂದು ಸಲಕ್ಕೆ, ಎಲ್ಲ ಒಟ್ಟಿಗೆ ನಾದಿ ಇಡಬೇಡಿ. ಒಣಹಿಟ್ಟು ಹತ್ತಿದ ಬದಿ ಹೆಂಚಿನ ಮೇಲೆ ಮೇಲ್ಗಡೆ ಬರಬೇಕು. ಅದರ ಮೇಲೆ ಒದ್ದೆ ಬಟ್ಟೆ ಆಡಿಸಿ, ನೀರು ಆರುವ ಮೊದಲೇ ತಿರುವಬೇಡಿ.

ಹಿಟ್ಟು ಬೀಸಿಸಿ ಎಷ್ಟು ದಿನ ಆಯಿತು? ಹಳೆಯದಾದ ಹಿಟ್ಟಿಗೆ ಜಿಗುಟು ಇರುವುದಿಲ್ಲ, ನೀವಲ್ಲ, ನಾನು ಬಡಿದರೂ ಹರಿಯುತ್ತದೆ. ಐದು ಕಿಲೋ ಒಮ್ಮೆಗೇ ಬೀಸಿಸಿದ್ದರೆ ಉಳಿದದ್ದಕ್ಕೆ ಅಂಬಲಿ ಮಾಡಿ.

ಊರು_ಸುತ್ತೋಳು

ಒಮ್ಮೆಗೇ ಬೀಸಿಸಿದ್ದೇನೆ. ಐದೂ ಕಿಲೋ. ಮಾವನಿಗೆ ಇನ್ನೂ ಹೇಳಿಲ್ಲ.